ವೀಗನ್ ಅಂತ ಬರೆದಿದ್ದರೆ ಆರೋಗ್ಯಕ್ಕೆ ಒಳ್ಳೆಯದಾ? ಪ್ಯಾಕೆಟ್ ತಿರುಗಿಸಿ ಓದುವ ಕ್ರಮ

ಸಕ್ಕರೆ, ಮೈದಾ, ಪಾಮ್ ಎಣ್ಣೆ ಮೂರೂ ಗಿಡಮರದಿಂದ ಬಂದವು. ಆಲೂಗಡ್ಡೆ ಚಿಪ್ಸು, ಬಣ್ಣದ ಸೋಡಾ, ಬೀದಿ ಬದಿಯ ಮೆಣಸಿನಕಾಯಿ ಬಜ್ಜಿ ಕೂಡ ಹಾಗೇ. ಇವುಗಳ ಮೇಲೆ ‘ವೀಗನ್’ ಅಂತ ಚೀಟಿ ಅಂಟಿಸಿದರೆ ಅದು ಸುಳ್ಳೇನೂ ಆಗುವುದಿಲ್ಲ. ಆದರೂ ಅಂಗಡಿಯಲ್ಲಿ ಅದೇ ಚೀಟಿ ಇರುವ ಕುಕೀಸ್ ಪ್ಯಾಕೆಟ್ಟನ್ನು ಎರಡು ಪಟ್ಟು ದುಡ್ಡು ಕೊಟ್ಟು ತರುತ್ತೇವೆ. “ತಗೊಳ್ಳಿ ಅಕ್ಕ, ವೀಗನ್ ಇದು, ತುಂಬಾ ಹೆಲ್ತಿ” ಎಂದು ಅಂಗಡಿಯ ಹುಡುಗ ಹೇಳಿದರೆ ಇನ್ನೂ ಒಂದು ಜಾಸ್ತಿ ಬುಟ್ಟಿಗೆ ಬೀಳುತ್ತದೆ.

ವೀಗನ್ ಲೇಬಲ್ ಉತ್ತರ ಕೊಡುವುದು ಒಂದೇ ಪ್ರಶ್ನೆಗೆ: ಇದರಲ್ಲಿ ಪ್ರಾಣಿಮೂಲದ್ದು ಏನಾದರೂ ಇದೆಯಾ? ಪ್ರಾಣಿಗಳ ಮೇಲಿನ ಕಾಳಜಿಯಿಂದಲೋ ಪರಿಸರದ ಕಾಳಜಿಯಿಂದಲೋ ಹಾಲು, ಮೊಟ್ಟೆ ಬಿಟ್ಟವರಿಗೆ ಆ ಉತ್ತರ ಸಾಕು. ಶುಗರ್, ಬಿಪಿ, ತೂಕ ಅಂತ ಯೋಚನೆ ಮಾಡಿ ಕೊಳ್ಳುವವರಿಗೆ ಸಾಲದು. ಅವರಿಗಾಗಿ ಈ ಬರಹ. ಮುಂದಿನ ಸಲ ಅಂಗಡಿಗೆ ಹೋದಾಗ ಇದೇ ಕ್ರಮದಲ್ಲಿ ನೋಡಿ.

1. ಗುರುತುಗಳಿಗೆ ಏನರ್ಥ ಅಂತ ತಿಳಿದುಕೊಳ್ಳಿ

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಅದು ಸಸ್ಯಾಹಾರದ ಗುರುತು, ವೀಗನ್ ಗುರುತಲ್ಲ. ಹಾಲು, ತುಪ್ಪ, ಜೇನುತುಪ್ಪ, ಜೇನುಮೇಣ, ಅರಗಿನ ಹುಳದಿಂದ ಬರುವ ಶೆಲ್ಯಾಕ್, ಇವೆಲ್ಲ ಇದ್ದರೂ ನಿಯಮದ ಪ್ರಕಾರ ಹಸಿರು ಚುಕ್ಕೆ ಹಾಕಬಹುದು. ಮಿಠಾಯಿ, ಚಾಕೊಲೇಟ್ ಗುಂಡುಗಳ ಮೇಲಿನ ಹೊಳಪಿಗೆ ಶೆಲ್ಯಾಕ್ ಬಳಸುವುದುಂಟು. ಪದಾರ್ಥಗಳ ಪಟ್ಟಿಯಲ್ಲಿ ಅದು 904 ಎಂಬ ಸಂಖ್ಯೆಯಾಗಿ ಕೂತಿರುತ್ತದೆ, ಜೇನುಮೇಣ 901 ಆಗಿ.

ವೀಗನ್‌ಗೆ ಬೇರೆ ಲಾಂಛನವೇ ಇದೆ. ಹಸಿರು ಚೌಕದೊಳಗೆ ಇಂಗ್ಲಿಷಿನ ‘ವಿ’ ಅಕ್ಷರ, ಅದಕ್ಕೊಂದು ಪುಟ್ಟ ಎಲೆ. ಆಹಾರ ಸುರಕ್ಷತೆ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಇದನ್ನು 2021ರಲ್ಲಿ ಬಿಡುಗಡೆ ಮಾಡಿತು. ನಿಯಮಗಳು 2022ರಲ್ಲಿ ಬಂದವು. ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ್ದು ಬಳಸಿರಬಾರದು, ಪ್ರಾಣಿಗಳ ಮೇಲೆ ಪರೀಕ್ಷೆಯನ್ನೂ ಮಾಡಿರಬಾರದು ಎಂಬುದು ಅದರ ಸಾರ. ಸಕ್ಕರೆ ಇಷ್ಟೇ ಇರಬೇಕು, ಉಪ್ಪು ಇಷ್ಟೇ ಇರಬೇಕು ಅನ್ನುವ ಷರತ್ತು ಅದರಲ್ಲಿಲ್ಲ.

‘ಪ್ಲಾಂಟ್ ಬೇಸ್ಡ್’ ಅಂತ ಎಲೆ ಚಿತ್ರದ ಜೊತೆ ಬರೆದಿದ್ದರೆ ಇನ್ನೂ ಸ್ವಲ್ಪ ಹುಷಾರು. ಬಹುಪಾಲು ಸಸ್ಯಮೂಲದ್ದು ಅನ್ನುವ ಅರ್ಥದಲ್ಲೂ ಈ ಮಾತನ್ನು ಬಳಸುತ್ತಾರೆ. ಪೂರ್ತಿ ವೀಗನ್ ಬೇಕಿದ್ದವರು ಲಾಂಛನ ಹುಡುಕಿ, ಆಮೇಲೆ ಅಲರ್ಜಿ ಸೂಚನೆ ಓದಿ. ‘ಹಾಲು ಇದೆ’ ಅಂತ ಅಲ್ಲಿ ಬರೆದಿದ್ದರೆ ಮಾತು ಮುಗಿಯಿತು. ‘ಹಾಲಿನ ಅಂಶ ಇರಬಹುದು’ ಅಂದರೆ ಮಾತ್ರ ಬೇರೆ. ಅದೇ ಯಂತ್ರದಲ್ಲಿ ಹಾಲಿನ ಪದಾರ್ಥವೂ ತಯಾರಾಗುತ್ತದೆ ಎಂಬ ಎಚ್ಚರಿಕೆ ಅದು. ಹಾಲಿನ ಅಲರ್ಜಿ ಇರುವವರು ವೀಗನ್ ಲಾಂಛನವನ್ನೇ ನಂಬಿಕೊಂಡು ಈ ಸಾಲನ್ನು ಬಿಡಬೇಡಿ.

2. ಪ್ಯಾಕೆಟ್ ತಿರುಗಿಸಿ, ಮೊದಲ ಮೂರು ಹೆಸರು ಓದಿ

ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು ಅನ್ನುವುದು ಕಾನೂನು. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಪ್ಯಾಕೆಟ್ಟಿನ ಒಳಗಿನ ಅರ್ಧ ಕಥೆ ತಿಳಿದ ಹಾಗೇ.

‘ವೀಗನ್ ರಾಗಿ ಕುಕೀಸ್’ ಅಂತ ಮುಂದೆ ಬರೆದಿರುವ ಒಂದು ಪ್ಯಾಕೆಟ್ ಇದೆ ಅಂದುಕೊಳ್ಳಿ. ಮುಂಭಾಗದಲ್ಲಿ ರಾಗಿ ತೆನೆಯ ಚಿತ್ರ. ಹಿಂದೆ ಹೀಗಿರುತ್ತದೆ: ಗೋಧಿ ಹಿಟ್ಟು (ಮೈದಾ), ಸಕ್ಕರೆ, ಖಾದ್ಯ ತೈಲ (ಪಾಮ್), ರಾಗಿ ಹಿಟ್ಟು (ಶೇ 9), ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಹಿಟ್ಟು ಉಬ್ಬಿಸುವ ಪದಾರ್ಥ, ಉಪ್ಪು, ಎಮಲ್ಸಿಫೈಯರ್ (322, 471). ಇಲ್ಲಿ ಎರಡು ವಿಷಯ ಗಮನಿಸಿ. ರಾಗಿ ನಾಲ್ಕನೆಯದು, ಅದೂ 100 ಗ್ರಾಂನಲ್ಲಿ 9 ಗ್ರಾಂ. ಹೆಸರಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದ ಪದಾರ್ಥದ ಪಕ್ಕದಲ್ಲಿ ಅದರ ಶೇಕಡಾವಾರು ಬರೆದಿರುತ್ತಾರೆ, ಕಣ್ಣು ಮೊದಲು ಅಲ್ಲಿಗೇ ಹೋಗಲಿ. ಇನ್ನೊಂದು, ಸಕ್ಕರೆ ಮೂರು ಹೆಸರಲ್ಲಿ ಬಂದಿದೆ. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್. ಬಿಡಿಬಿಡಿಯಾಗಿ ಬರೆದಾಗ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತದೆ. ಕೂಡಿಸಿದರೆ ಮೈದಾದ ಹತ್ತಿರ ಹತ್ತಿರಕ್ಕೆ ಬಂದರೂ ಬಂದೀತು.

ಬೆಲ್ಲ, ಖರ್ಜೂರದ ಸಿರಪ್, ತೆಂಗಿನ ಸಕ್ಕರೆ, ಅಗಾವೆ ಸಿರಪ್, ಇವನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿ. ಮಾಲ್ಟೋಡೆಕ್ಸ್‌ಟ್ರಿನ್ ಸಿಹಿ ಇರದಿದ್ದರೂ ರಕ್ತದಲ್ಲಿ ಗ್ಲೂಕೋಸನ್ನು ಬೇಗ ಏರಿಸುವ ಪಿಷ್ಟದ ಪುಡಿ. ವೀಗನ್ ಪ್ರೋಟೀನ್ ಬಾರ್, ಇನ್‌ಸ್ಟಂಟ್ ಸೂಪುಗಳಲ್ಲಿ ಇದು ಸಾಮಾನ್ಯ.

ಎಮಲ್ಸಿಫೈಯರ್, ಅಂದರೆ ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ, ಇದ್ದ ಕೂಡಲೇ ವಿಷ ಅಂತ ಹೆದರಬೇಕಾಗಿಲ್ಲ. 322 ಅಂದರೆ ಲೆಸಿಥಿನ್, ಬಹುಪಾಲು ಸೋಯಾದ್ದು. ಆದರೆ ಮನೆಯ ಅಡುಗೆಮನೆಯಲ್ಲಿ ಕಾಣದ ಹೆಸರುಗಳು ಪಟ್ಟಿಯಲ್ಲಿ ಉದ್ದಕ್ಕೆ ಸಾಲುಗಟ್ಟಿದ್ದರೆ ಅದು ಕಾರ್ಖಾನೆಯಲ್ಲಿ ಬಹಳ ಸಂಸ್ಕರಣೆಯಾದ ತಿನಿಸು ಅಂತ ಗೊತ್ತುಮಾಡಿಕೊಳ್ಳಿ. ದಿನಾ ತಿನ್ನುವ ಬುಟ್ಟಿಗೆ ಅದು ಬೇಡ.

3. ಪೋಷಕಾಂಶದ ಟೇಬಲ್ಲಿನಲ್ಲಿ 100 ಗ್ರಾಂ ಕಾಲಂ ನೋಡಿ

ಟೇಬಲ್ಲಿನಲ್ಲಿ ಎರಡು ಲೆಕ್ಕ ಇರುತ್ತದೆ, 100 ಗ್ರಾಂಗೆ ಇಷ್ಟು, ಒಂದು ಸರ್ವಿಂಗ್‌ಗೆ ಇಷ್ಟು. ಸರ್ವಿಂಗ್ ಅಂದರೆ ಒಂದು ಸಲಕ್ಕೆ ತಿನ್ನುವ ಪ್ರಮಾಣ. ಅದನ್ನು ಕಂಪನಿಯೇ ಹೇಳುತ್ತದೆ, ಕೆಲವೊಮ್ಮೆ ಎರಡೇ ಬಿಸ್ಕತ್ತು. ಸಂಜೆ ಕಾಫಿ ಜೊತೆ ಎರಡೇ ಬಿಸ್ಕತ್ತು ತಿಂದು ಎದ್ದವರು ಯಾರಿದ್ದಾರೆ ಹೇಳಿ! ಹೋಲಿಸಲು ಯಾವಾಗಲೂ 100 ಗ್ರಾಂ ಕಾಲಮ್ಮೇ ಸರಿ.

ದಿನದ ಮಿತಿ ಅಂತ ನಮ್ಮ ಲೇಬಲ್ ನಿಯಮ ಇಟ್ಟುಕೊಂಡಿರುವುದು 2000 ಕಿಲೋಕ್ಯಾಲರಿ ಊಟ ಮಾಡುವವರ ಲೆಕ್ಕ: ಸೇರಿಸಿದ ಸಕ್ಕರೆ 50 ಗ್ರಾಂ, ಒಟ್ಟು ಕೊಬ್ಬು 67 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ತೆಂಗಿನೆಣ್ಣೆಯಂಥವುಗಳಲ್ಲಿ ಹೆಚ್ಚಿರುವುದು) 22 ಗ್ರಾಂ, ಟ್ರಾನ್ಸ್ ಕೊಬ್ಬು (ಎಣ್ಣೆಗೆ ಹೈಡ್ರೋಜನ್ ಹಾಯಿಸಿದಾಗ ಹುಟ್ಟುವುದು) 2 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ. ಸಕ್ಕರೆಯನ್ನು ಇದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅದೇ ಕುಕೀಸ್ ಪ್ಯಾಕೆಟ್ 75 ಗ್ರಾಂನದ್ದು, 100 ಗ್ರಾಂಗೆ ಸಕ್ಕರೆ 24 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 11 ಗ್ರಾಂ ಅಂತಿದ್ದರೆ, ಇಡೀ ಪ್ಯಾಕೆಟ್ ಖಾಲಿ ಮಾಡಿದವರ ಹೊಟ್ಟೆಗೆ 18 ಗ್ರಾಂ ಸಕ್ಕರೆ ಹೋಯಿತು, ಅಂದರೆ ನಾಲ್ಕೂವರೆ ಟೀ ಚಮಚ. ಸ್ಯಾಚುರೇಟೆಡ್ ಕೊಬ್ಬು 8 ಗ್ರಾಂ ದಾಟಿತು, ದಿನದ ಮಿತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಬೆಣ್ಣೆ ಬಿಸ್ಕತ್ತಿಗೂ ಇದಕ್ಕೂ ದೊಡ್ಡ ವ್ಯತ್ಯಾಸವೇನೂ ಉಳಿಯಲಿಲ್ಲ, ಅಲ್ವಾ?

ಎಷ್ಟಾದರೆ ಜಾಸ್ತಿ ಅಂತ ತಟ್ಟನೆ ಹೇಳಲು ಬ್ರಿಟನ್ನಿನವರು ಪ್ಯಾಕೆಟ್ಟಿನ ಮುಂದೆ ಟ್ರಾಫಿಕ್ ದೀಪದ ಬಣ್ಣ ಹಾಕುತ್ತಾರೆ. ಅವರ ಕೆಂಪು ಗೆರೆ ನನಗೆ ಬಹಳ ಅನುಕೂಲ ಅನ್ನಿಸಿದೆ. 100 ಗ್ರಾಂ ತಿನಿಸಿನಲ್ಲಿ ಸಕ್ಕರೆ 22.5 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 5 ಗ್ರಾಂ, ಉಪ್ಪು 1.5 ಗ್ರಾಂ ದಾಟಿದರೆ ಕೆಂಪು. ನಮ್ಮ ಪ್ಯಾಕೆಟ್ಟಿನಲ್ಲಿ ಉಪ್ಪಿನ ಬದಲು ಸೋಡಿಯಂ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 600 ಮಿಲಿಗ್ರಾಂ ಸೋಡಿಯಂ ಅಂದರೆ 1.5 ಗ್ರಾಂ ಉಪ್ಪು. ಈ ಮೂರು ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡರೆ ಸಾಕು. ಜೊತೆಗೆ ನಾರಿನಂಶ ನೋಡಿ: 100 ಗ್ರಾಂಗೆ 6 ಗ್ರಾಂ ಇದ್ದರೆ ಚೆನ್ನಾಗಿದೆ, 3ಕ್ಕಿಂತ ಕಡಿಮೆ ಇದ್ದರೆ ‘ಧಾನ್ಯದ ಒಳ್ಳೆಯತನ’ ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

4. ಹಾಲಿನ ಬದಲಿಗೆ ಕೊಳ್ಳುವಾಗ

ಹೆಚ್ಚು ಜನ ಎಡವುವುದು ಇಲ್ಲೇ. ಹಸುವಿನ ಹಾಲಿನಲ್ಲಿ 100 ಮಿಲಿಗೆ 3 ಗ್ರಾಂಗಿಂತ ಸ್ವಲ್ಪ ಜಾಸ್ತಿ ಪ್ರೋಟೀನ್, ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದನ್ನು ಬಿಟ್ಟು ಬೇರೆ ಪಾನೀಯ ತಂದರೆ ಈ ಎರಡು ಎಲ್ಲಿಂದ ಬರುತ್ತವೆ ಅಂತ ನೋಡಲೇಬೇಕು.

ಸೋಯಾ ಪಾನೀಯ ಪ್ರೋಟೀನಿನಲ್ಲಿ ಹಾಲಿಗೆ ಹತ್ತಿರ. ಬಾದಾಮಿಯದ್ದು ಹಾಗಲ್ಲ. ಬಹಳಷ್ಟು ಪ್ಯಾಕೆಟ್ಟುಗಳಲ್ಲಿ ಬಾದಾಮಿ ಕೆಲವೇ ಶೇಕಡಾ, ಉಳಿದದ್ದು ನೀರು. ಪ್ರೋಟೀನ್ 100 ಮಿಲಿಗೆ ಅರ್ಧ ಗ್ರಾಂ ಆಸುಪಾಸು. ರಾತ್ರಿ ನೆನೆಸಿದ ಒಂದು ಹಿಡಿ ಬಾದಾಮಿಯನ್ನು ಸುಮ್ನೆ ಅಗಿದು ತಿಂದರೆ ಲಾಭ ಜಾಸ್ತಿ, ಖರ್ಚೂ ಕಡಿಮೆ.

ಓಟ್ಸ್ ಪಾನೀಯದ ಕಥೆ ಬೇರೆ. ಓಟ್ಸಿನ ಪಿಷ್ಟವನ್ನು ಕಿಣ್ವ ಹಾಕಿ ಒಡೆಯುತ್ತಾರೆ, ಆಗ ಮಾಲ್ಟೋಸ್ ಎಂಬ ಸಕ್ಕರೆ ಅಲ್ಲೇ ಹುಟ್ಟುತ್ತದೆ. ಮೇಲೆ ಸಕ್ಕರೆ ಸುರಿಯದೆಯೂ ಅದು ಸಿಹಿಯಾಗಿರುವುದು ಇದಕ್ಕೇ. ಮಧುಮೇಹ ಇದ್ದವರು ‘ಸಕ್ಕರೆ ಸೇರಿಸಿಲ್ಲ’ ಅನ್ನುವುದನ್ನು ಬಿಟ್ಟು ‘ಒಟ್ಟು ಸಕ್ಕರೆ’ ಎಂಬ ಸಾಲನ್ನು ಓದಬೇಕು.

ನಮ್ಮಲ್ಲಿ ಈ ಪಾನೀಯಗಳನ್ನು ‘ಹಾಲು’ ಅಂತ ಕರೆದು ಮಾರಬಾರದು ಎಂದು ಪ್ರಾಧಿಕಾರ 2021ರಲ್ಲಿ ಬಿಗಿ ಮಾಡಿತು. ಹಾಗಾಗಿ ‘ಡ್ರಿಂಕ್’, ‘ಬೆವರೇಜ್’ ಅಂತಿರುತ್ತದೆ. ಕೊಳ್ಳುವಾಗ ಮೂರು ನೋಡಿ: ಸಕ್ಕರೆ ಹಾಕದ್ದು, ಕ್ಯಾಲ್ಸಿಯಂ 100 ಮಿಲಿಗೆ 120 ಮಿಲಿಗ್ರಾಂ ಹತ್ತಿರ ಸೇರಿಸಿದ್ದು, ವಿಟಮಿನ್ ಬಿ12 ಸೇರಿಸಿದ್ದು. ಬಗ್ಗಿಸುವ ಮೊದಲು ಚೆನ್ನಾಗಿ ಅಲ್ಲಾಡಿಸಿ, ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತುಬಿಡುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಜಾಗದಲ್ಲಿ ಇವನ್ನು ಕೊಡಲೇಬಾರದು.

ವೀಗನ್ ಚೀಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅನೇಕ ಬ್ರ್ಯಾಂಡುಗಳಲ್ಲಿ ಅದು ತೆಂಗಿನೆಣ್ಣೆ ಮತ್ತು ಪಿಷ್ಟ, ಪ್ರೋಟೀನ್ ಸೊನ್ನೆಯ ಹತ್ತಿರ. ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಶೇ 90, ತುಪ್ಪದಲ್ಲಿ ಶೇ 60ರ ಆಸುಪಾಸು. ಕರಾವಳಿಯವರು ನನ್ನ ಮೇಲೆ ಸಿಟ್ಟಾಗಬೇಡಿ, ಪಲ್ಯದ ಒಗ್ಗರಣೆಗೆ ಹಾಕುವ ಒಂದು ಚಮಚದ ಮಾತಲ್ಲ ಇದು.

5. ಮಾಂಸದ ಬದಲಿ

ಪ್ಲಾಂಟ್ ಬೇಸ್ಡ್ ಕಬಾಬ್, ನಗೆಟ್, ಬರ್ಗರ್ ಪ್ಯಾಟಿಗಳಲ್ಲಿ ಮೊದಲು ಸೋಡಿಯಂ ನೋಡಿ, ಆಮೇಲೆ ಪ್ರೋಟೀನ್. ಸೋಯಾ ಅಥವಾ ಬಟಾಣಿ ಪ್ರೋಟೀನಿನದ್ದಾದರೆ ಪ್ರೋಟೀನ್ ಚೆನ್ನಾಗಿರುತ್ತದೆ. ಎಳೆ ಹಲಸಿನಕಾಯಿಯ ‘ಮಾಂಸ’ ನಾಲಿಗೆಗೆ ಹಿತ, ನಾರೂ ಇದೆ, ಆದರೆ ಪ್ರೋಟೀನ್ 100 ಗ್ರಾಂಗೆ 2 ಗ್ರಾಂ ಆಸುಪಾಸು ಅಷ್ಟೇ. ಹಲಸಿನಕಾಯಿ ಪಲ್ಯ ಮಾಡಿದ ದಿನ ಪಕ್ಕದಲ್ಲಿ ಬೇಳೆ ಇಲ್ಲವೇ ಕಾಳು ಇರಲಿ. ಒಣ ಸೋಯಾ ಚಂಕ್ಸ್‌ನಲ್ಲಿ 100 ಗ್ರಾಂಗೆ 50 ಗ್ರಾಂ ದಾಟಿ ಪ್ರೋಟೀನ್ ಇದೆ, ಬೆಲೆಯೂ ಕೈಗೆಟುಕುತ್ತದೆ.

ಈ ಬದಲಿ ಮಾಂಸ ಪೂರ್ತಿ ಕೆಟ್ಟದ್ದು ಅಂತಲೂ ಹೇಳಲಾಗದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ವಾರ ಮಾಂಸ, ಎಂಟು ವಾರ ಸಸ್ಯದ ಬದಲಿ ಕೊಟ್ಟು ನೋಡಿದರು. ಬದಲಿ ತಿಂದಾಗ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಕಡಿಮೆಯಾಗಿತ್ತು. ಅದಕ್ಕೆ ಹಣ ಕೊಟ್ಟದ್ದು ಬದಲಿ ಮಾಂಸದ ಕಂಪನಿ ಅನ್ನುವುದೂ ನೆನಪಿರಲಿ. ದಿನಾ ಕೆಂಪು ಮಾಂಸ ತಿನ್ನುತ್ತಿದ್ದವರಿಗೆ ಇದೊಂದು ಮೆಟ್ಟಿಲಾಗಬಹುದು. ಬೇಳೆ ಸಾರು ತಿನ್ನುತ್ತಿದ್ದವರು ಅದನ್ನು ಬಿಟ್ಟು ನಗೆಟ್‌ಗೆ ಬಂದರೆ ಅದು ನಷ್ಟದ ವ್ಯಾಪಾರ.

ದೊಡ್ಡ ಲೆಕ್ಕದ ಅಧ್ಯಯನಗಳೂ ಇದನ್ನೇ ತೋರಿಸುತ್ತವೆ. ಹಾರ್ವರ್ಡ್ ಸಂಶೋಧಕರು ಎರಡು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಊಟದ ದಾಖಲೆ ನೋಡಿ 2017ರಲ್ಲಿ ವರದಿ ಮಾಡಿದರು. ಇಡೀ ಧಾನ್ಯ, ಕಾಳು, ಹಣ್ಣು, ತರಕಾರಿ, ಬೀಜ ಹೆಚ್ಚಿದ್ದ ಊಟದವರಲ್ಲಿ ಹೃದಯದ ಕಾಯಿಲೆ ಕಡಿಮೆ. ಜ್ಯೂಸ್, ಮೈದಾ, ಆಲೂಗಡ್ಡೆ, ಸಿಹಿ ಹೆಚ್ಚಿದ್ದವರಲ್ಲಿ ಜಾಸ್ತಿ. ಎರಡೂ ಪಟ್ಟಿಯಲ್ಲಿರುವುದು ಗಿಡದ್ದೇ. ಬ್ರಿಟನ್ನಿನ ಜನರ ಆರೋಗ್ಯದ ಮಾಹಿತಿ ಕೂಡಿಟ್ಟ ಯುಕೆ ಬಯೋಬ್ಯಾಂಕ್ ದಾಖಲೆಗಳ ಮೇಲೆ 2024ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಅತಿಯಾಗಿ ಸಂಸ್ಕರಿಸಿದ ಸಸ್ಯಮೂಲದ ತಿನಿಸಿನ ಪಾಲು ಶೇ 10 ಹೆಚ್ಚಿದಂತೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಶೇ 5 ಹೆಚ್ಚು. ಆಗ ಕೆಲವು ಪತ್ರಿಕೆಗಳು ‘ವೀಗನ್ ಬರ್ಗರ್ ಹೃದಯಕ್ಕೆ ಕೆಟ್ಟದು’ ಅಂತ ಸುದ್ದಿ ಮಾಡಿದವು. ನಿಜ ನೋಡಿದರೆ ಆ ತಿನಿಸುಗಳ ಗುಂಪಿನಲ್ಲಿ ಬದಲಿ ಮಾಂಸದ ಪಾಲು ತೀರಾ ಚಿಕ್ಕದು. ಬ್ರೆಡ್ಡು, ಕೇಕು, ಬಿಸ್ಕತ್ತು, ಸಿಹಿ ಪಾನೀಯಗಳದ್ದೇ ದೊಡ್ಡ ಪಾಲು. ನಮ್ಮೂರಿನ ಬೇಕರಿಗೂ ಇದು ಅನ್ವಯಿಸುತ್ತದೆ.

6. ಮುಂದೆ ಬರೆದ ದೊಡ್ಡ ಅಕ್ಷರಗಳನ್ನು ಕೊನೆಗೆ ಓದಿ

‘ಕೊಲೆಸ್ಟ್ರಾಲ್ ಇಲ್ಲ’: ಇದು ಎಲ್ಲ ಸಸ್ಯದೆಣ್ಣೆಗೂ ನಿಜ. ಕೊಲೆಸ್ಟ್ರಾಲ್ ಬರುವುದು ಪ್ರಾಣಿಮೂಲದಿಂದ. ಆದರೆ ನಮ್ಮ ರಕ್ತದ ಕೊಲೆಸ್ಟ್ರಾಲನ್ನು ಸ್ಯಾಚುರೇಟೆಡ್ ಮತ್ತು ಟ್ರಾನ್ಸ್ ಕೊಬ್ಬು ಏರಿಸುತ್ತವೆ.

ಇದಕ್ಕೆ ವನಸ್ಪತಿಗಿಂತ ಬೇರೆ ಸಾಕ್ಷಿ ಬೇಕೇ? ಸಸ್ಯದೆಣ್ಣೆಗೆ ಹೈಡ್ರೋಜನ್ ಹಾಯಿಸಿ ತುಪ್ಪದ ಹಾಗೆ ಗಟ್ಟಿ ಮಾಡಿದ ಡಬ್ಬಿ ಅದು. ಒಂದು ಹನಿ ಪ್ರಾಣಿಯ ಕೊಬ್ಬಿಲ್ಲ. ದಶಕಗಟ್ಟಲೆ ಮದುವೆ ಮನೆಯ ಸಿಹಿ, ಬೇಕರಿಯ ಪಫ್ ಎಲ್ಲ ಅದರಲ್ಲೇ ಆಯಿತು. ಹೃದಯಕ್ಕೆ ಅತಿ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು ನಮ್ಮ ಊಟಕ್ಕೆ ಬಂದದ್ದು ಬಹುಮಟ್ಟಿಗೆ ಆ ‘ಸಸ್ಯ ತುಪ್ಪ’ದಿಂದಲೇ. ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದು ಎಂಬ ಮಿತಿ 2022ರ ಜನವರಿಯಿಂದ ಜಾರಿಗೆ ಬಂತು. ಪಟ್ಟಿಯಲ್ಲಿ ‘ಹೈಡ್ರೋಜನೀಕರಿಸಿದ ಸಸ್ಯ ಕೊಬ್ಬು’ ಅಂತ ಕಂಡರೆ ಈಗಲೂ ವಾಪಸ್ ಇಡುವುದೇ ಕ್ಷೇಮ.

‘ಶೇ 100 ಹಣ್ಣಿನ ರಸ’: ಸಾಂದ್ರ ರಸಕ್ಕೆ ನೀರು ಬೆರೆಸಿ ಮಾರುವವರು ಹೀಗೆ ಬರೆಯಬಾರದು ಅಂತ 2024ರಲ್ಲಿ ಪ್ರಾಧಿಕಾರ ಆದೇಶ ಕೊಟ್ಟಿದೆ. ‘ಗ್ಲುಟೆನ್ ಇಲ್ಲ’: ಗ್ಲುಟೆನ್ ಅಂದರೆ ಗೋಧಿಯಲ್ಲಿರುವ ಒಂದು ಪ್ರೋಟೀನ್. ಅದು ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದವರಿಗೆ ಬಹಳ ಮುಖ್ಯ, ಉಳಿದವರಿಗೆ ಅಷ್ಟೇನಿಲ್ಲ.

7. ಲೇಬಲ್ಲೇ ಇಲ್ಲದ್ದನ್ನು ಮರೆಯಬೇಡಿ

ಮುದ್ದೆ ಬಸ್ಸಾರು, ಹುರುಳಿ ಸಾರು, ಜೋಳದ ರೊಟ್ಟಿ ಜೊತೆ ಎಣ್ಣೆಗಾಯಿ ಮತ್ತು ಅಗಸಿ ಚಟ್ನಿ, ಹೆಸರುಬೇಳೆ ಕೋಸಂಬರಿ, ಪತ್ರೊಡೆ. ಮೇಲೆ ತುಪ್ಪ ಹಾಕಿಕೊಳ್ಳದಿದ್ದರೆ ಇವೆಲ್ಲ ವೀಗನ್. ಯಾರೂ ಲಾಂಛನ ಹಾಕಿಲ್ಲ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಗಸೆಯಲ್ಲಿ ಒಮೇಗಾ-3 ಎಂಬ ಒಳ್ಳೆಯ ಕೊಬ್ಬು ಇದೆ. ಕೋಸಂಬರಿಗೆ, ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ ಕುಡಿದರೆ ಅದೇ ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಮನೆಯದ್ದೆಲ್ಲ ಒಳ್ಳೆಯದು ಅಂತಲೂ ಅಲ್ಲ. ತಟ್ಟೆ ತುಂಬ ಬಿಳಿ ಅನ್ನ, ತಿಳಿಸಾರು, ಹಪ್ಪಳ, ಉಪ್ಪಿನಕಾಯಿ ಅಂದರೆ ಅದೂ ವೀಗನ್ನೇ, ಪ್ರೋಟೀನ್ ಮಾತ್ರ ಬಹಳ ಕಡಿಮೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ, 60 ಕಿಲೋ ಇದ್ದವರಿಗೆ 50 ಗ್ರಾಂ. ಎರಡು ಹೊತ್ತೂ ಬೇಳೆಯೋ ಕಾಳೋ ಗಟ್ಟಿಯಾಗಿ ತಟ್ಟೆಯಲ್ಲಿರಬೇಕು.

8. ಬಿ12ಗೆ ದಾರಿ ಮಾಡಿಕೊಳ್ಳಿ

ಹಾಲು, ಮೊಸರು, ಮೊಟ್ಟೆ ಎಲ್ಲ ಬಿಟ್ಟವರಿಗೆ ಇದು ಕಡ್ಡಾಯ. ವಿಟಮಿನ್ ಬಿ12 ಸಸ್ಯಗಳಲ್ಲಿ ನಂಬುವಷ್ಟು ಸಿಗುವುದಿಲ್ಲ. ಸ್ಪಿರುಲಿನಾ ಎಂಬ ಪಾಚಿಯಲ್ಲಿ ಇದೆ ಅಂತ ಮಾರುತ್ತಾರೆ, ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪ. ಬೇಕಾಗಿರುವುದು ದಿನಕ್ಕೆ 2ರಿಂದ 2.5 ಮೈಕ್ರೋಗ್ರಾಂ, ಚಿಟಿಕೆಗಿಂತಲೂ ಎಷ್ಟೋ ಕಡಿಮೆ. ಆದರೆ ಅದಿಲ್ಲದಿದ್ದರೆ ಸುಸ್ತು, ಕೈಕಾಲು ಜೋಮು, ಮರೆವು, ಕೊನೆಗೆ ನರಗಳಿಗೇ ಹಾನಿ. ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಂಗ್ರಹ ಕೆಲವು ವರ್ಷ ನಡೆಸುತ್ತದೆ. ಆದ್ದರಿಂದ ವೀಗನ್ ಆದ ಮೊದಲ ವರ್ಷ ಏನೂ ತೊಂದರೆ ಕಾಣದೆ ಇರಬಹುದು, ಅದನ್ನು ನಂಬಿ ಕೂರಬೇಡಿ.

ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ ಮಾತ್ರೆ ಶುರು ಮಾಡಿ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ, ಆ ಮಾತ್ರೆಯಿಂದಲೂ ಬಿ12 ಇಳಿಯಬಹುದು. ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳ ವಿಷಯದಲ್ಲಿ ಸ್ವಂತ ಪ್ರಯೋಗ ಬೇಡವೇ ಬೇಡ. ವಿಟಮಿನ್ ಡಿ ಕೊಳ್ಳುವಾಗ ಒಂದು ಸಣ್ಣ ವಿಷಯ: ಮಾರುಕಟ್ಟೆಯ ಡಿ3 ಬಹುಪಾಲು ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು. ಬೇಡ ಅನ್ನುವವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3, ಇಲ್ಲವೇ ಡಿ2 ಸಿಗುತ್ತದೆ. ಔಷಧಿ ಅಂಗಡಿಯಲ್ಲಿ ಹಾಗೇ ಹೆಸರು ಹಿಡಿದು ಕೇಳಿ.